ದಪ್ಪ ಅಕ್ಷರದ ಪುರಾಣ

ಮಗಳು ತಂದುಕೊಟ್ಟ ಯಂತ್ರವನ್ನು ನಾನು ಮೊದಲ ಐದು ನಿಮಿಷದಲ್ಲೇ ಸುಲಿಯಲು ಹೋದೆ.

ಅದರಲ್ಲಿ ನನ್ನ ತಪ್ಪೇನೂ ಇಲ್ಲ. ಡಬ್ಬಿ ತೆರೆದಾಗ ಗಾಜಿನ ಮೇಲೆ ಒಂದು ಮರದ ಚಿತ್ರ, ಕೆಳಗೆ ನಾಲ್ಕು ಸಾಲು ಇಂಗ್ಲಿಷು. ಬೆಳಕಿಲ್ಲ, ಹೊಳಪಿಲ್ಲ, ಮದುವೆ ಕಾರ್ಡಿನ ಅಚ್ಚಿನಂತೆ ತೆಪ್ಪಗೆ ಕೂತಿತ್ತು. ನಾನು ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನಕ್ಕೆ ಕೂರಿಸುವ ಮೀಟರುಗಳನ್ನು ಮೂವತ್ತಾರು ವರ್ಷ ಪರೀಕ್ಷೆ ಮಾಡಿದವನು. ಹೊಸ ಮೀಟರಿನ ಗಾಜಿಗೆ ಹೀಗೇ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅದನ್ನು ಸುಲಿದ ಮೇಲೆಯೇ ಕೆಲಸ ಶುರು. ಆ ರೂಢಿಯಲ್ಲಿ ಮೂಲೆಗೆ ಉಗುರು ತೂರಿಸಿ ಎಬ್ಬಿಸತೊಡಗಿದೆ.

"ಅಪ್ಪಾ! ಏನ್ ಮಾಡಾಕತ್ತೀರಿ? ಅದು ಅಂಟಿಸಿದ್ದಲ್ಲ, ಅದೇ ಪರದೆ!" ಎಂದು ನಿರೀಕ್ಷಾ ಕೂಗಿ ನನ್ನ ಕೈ ಹಿಡಿದಳು.

"ಪರದೆ ಅಂದ್ರ ದೀಪ ಹತ್ತಬೇಕಲ್ಲ?"

"ಇದಕ್ಕ ದೀಪ ಬ್ಯಾಡ್ರಿ. ಕಾಗದ ಇದ್ದಂಗ. ಪುಸ್ತಕ ಓದಾಕಂತನ ಮಾಡಿದ ಇ-ರೀಡರ್ ಇದು."

ಅಡುಗೆಮನೆ ಬಾಗಿಲಲ್ಲಿ ನಿಂತ ಸುಭದ್ರಾ, "ನಿಮ್ಮ ಅಪ್ಪನ ಕೈಗೆ ಕೂಸು ಕೊಟ್ರೂ ಮೊದಲ ಸ್ಕ್ರೂ ಎಲ್ಲೈತಿ ಅಂತ ಹುಡುಕ್ತಾರ" ಎಂದಳು. ಮದುವೆಯಾಗಿ ನಲವತ್ತೊಂದು ವರ್ಷವಾದ ಹೆಂಡತಿ. ಇಂಥ ಮಾತಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ನಿರೀಕ್ಷಾ ಮೆಹದಿಪಟ್ಟಣಂನ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಾಳೆ, ಮನೆಯೂ ಅಲ್ಲೇ. ಭಾನುವಾರ ಒಂದು ಬಸ್ಸು, ಒಂದು ಮೆಟ್ರೋ ಬದಲಿಸಿ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿಗೆ ಬರುತ್ತಾಳೆ. ಆ ದಿನ ಹೇಗೆ ಒತ್ತಬೇಕು, ಹೇಗೆ ಪುಟ ತಿರುಗಿಸಬೇಕು ಎಂದು ಅರ್ಧ ತಾಸು ತೋರಿಸಿ, ಊಟ ಮಾಡಿ ಹೊರಟುಹೋದಳು. ಹೋಗುವಾಗ, "ಬಿಚ್ಚಬ್ಯಾಡ್ರಿ ಮತ್ತ" ಎಂದು ಮೆಟ್ಟಿಲ ಮೇಲಿಂದ ಒಮ್ಮೆ ತಿರುಗಿ ಹೇಳಿದಳು.

ನನ್ನ ಗುಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ. ನನಗೆ ಅಕ್ಷರ ಕಾಣಿಸುವುದು ನಿಂತು ಎರಡು ವರ್ಷವಾಗುತ್ತ ಬಂದಿತ್ತು. ಗೋಡೆ ಕಾಣುತ್ತದೆ, ಬಸ್ಸು ಕಾಣುತ್ತದೆ, ಎದುರಿಗೆ ಬಂದವರು ಯಾರೆಂದು ಗೊತ್ತಾಗುತ್ತದೆ. ಆದರೆ ಪುಸ್ತಕ ತೆರೆದರೆ ಸಾಲುಗಳು ಬಾಗುತ್ತವೆ, ನೋಡಿದ ಅಕ್ಷರದ ನಡುಭಾಗವೇ ಮಾಯವಾಗುತ್ತದೆ. ಕಣ್ಣಿನ ಪರದೆಯ ನಡುಭಾಗ ಸವೆದಿದೆ, ಕನ್ನಡಕ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ ಎಂದು ವೈದ್ಯರು ಹೇಳಿದ್ದರು. ಆಸ್ಪತ್ರೆಗೆ ಒಬ್ಬನೇ ಹೋಗಿದ್ದೆ, ಒಬ್ಬನೇ ಬಂದಿದ್ದೆ, ಯಾರಿಗೂ ಹೇಳಿರಲಿಲ್ಲ.

ಹೇಳದಿರಲು ಕಾರಣವಿತ್ತು. ಶ್ರಾವಣ ಮಾಸ ಬಂದರೆ ನಮ್ಮ ಮನೆಯಲ್ಲಿ ತಿಂಗಳಿಡೀ ಪ್ರತಿ ಸಂಜೆ ಏಳಕ್ಕೆ ಪುರಾಣ. ನಮ್ಮೂರ ಕಡೆಯ ಮಠದವರು ಎಂದೋ ಅಚ್ಚು ಹಾಕಿಸಿದ ಗುಡ್ಡದ ಅಜ್ಜ ಎನ್ನುವ ಶರಣನ ಪುರಾಣವನ್ನು ನಾನು ಇಪ್ಪತ್ತನಾಲ್ಕು ವರ್ಷದಿಂದ ಓದುತ್ತಾ ಬಂದಿದ್ದೇನೆ. ಕೂಕಟ್‌ಪಲ್ಲಿ, ಬಾಲಾನಗರದಂಥ ತೆಲುಗು ಬಡಾವಣೆಗಳ ಕನ್ನಡ ಮನೆಗಳವರು, ಹಿಂದಿನ ಓಣಿಯಲ್ಲಿ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಹೆಣ್ಣುಮಕ್ಕಳು, ಎಲ್ಲ ಸೇರಿ ಮೂವತ್ತು ಮಂದಿಯಾದರೂ ಕೂಡುತ್ತಾರೆ. ಕಾರ್ಖಾನೆ ಬಿಟ್ಟ ಮೇಲೆ ನನ್ನನ್ನು ಯಾರೂ ಇನ್‌ಸ್ಪೆಕ್ಟರ್ ಎನ್ನುವುದಿಲ್ಲ. ಪುರಾಣ ಓದುವ ಕಾಕಾ ಎನ್ನುತ್ತಾರೆ. ಆ ಗದ್ದಿಗೆಯೂ ಹೋದರೆ ನಾನು ಬರೀ ಹಾಲಿನ ಪ್ಯಾಕೆಟ್ ತರುವ ಮುದುಕ. ಅದು ನನಗೆ ಬೇಡವಾಗಿತ್ತು.

ಹಾಗಾಗಿ ಹಿಂದಿನ ಶ್ರಾವಣದಲ್ಲಿ ನಾನು ಪುಸ್ತಕ ತೆರೆದಿಟ್ಟುಕೊಂಡು, ಕನ್ನಡಕ ಏರಿಸಿಕೊಂಡು, ಬಾಯಿಗೆ ಬಂದ ಪದ್ಯಗಳನ್ನು ಹೇಳುತ್ತಾ ಹೋದೆ. ಅಷ್ಟು ವರ್ಷ ಓದಿದ ಮೇಲೆ ಬಾಯಿಗೆ ಬರದೆ ಎಲ್ಲಿ ಹೋಗುತ್ತದೆ? ಆದರೂ ಎರಡು ಸಂಧಿ ಹಾರಿಹೋದವು, ಒಂದು ಕಡೆ ಹೇಳಿದ್ದನ್ನೇ ಹೇಳಿದೆ. ಪುರಾಣ ಮುಗಿಯುವ ಮಂಗಲದ ದಿನ ದಿನೇಶ ಎನ್ನುವವನು, ನಮ್ಮ ಪುರಾಣದ ಮಂಡಳಿಗೆ ತಾನೇ ಕಾರ್ಯದರ್ಶಿಯಾಗಿ ಎಲ್ಲರ ಫೋನಿಗೆ ಸಂದೇಶ ಕಳಿಸುವವನು, ಎಲ್ಲರ ಮುಂದೆಯೇ ಅಂದುಬಿಟ್ಟ: "ಕಾಕಾರಿಗೆ ತ್ರಾಸ ಆಗಾಕತ್ತೈತಿ. ಮುಂದಿನ ವರ್ಷ ಓದೋದೂ ಚನ್ನಬಸಪ್ಪನೋರಿಗೆ ಕೊಟ್ರ ಹ್ಯಾಂಗ?"

ಚನ್ನಬಸಪ್ಪನವರು ಯಾರೆಂದು ಹೇಳಬೇಕು. ನಮ್ಮ ಪುರಾಣದಲ್ಲಿ ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅರ್ಥ ಹೇಳುವವರು ಇವರು. ಬಾಲಾನಗರದ ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಲೇತ್ ಯಂತ್ರ ನಡೆಸಿ ನಿವೃತ್ತರಾದವರು, ಜಹೀರಾಬಾದಿನ ಕಡೆಯವರು, ನನಗಿಂತ ಒಂದು ವರ್ಷ ದೊಡ್ಡವರು. ನಾನು ಒಂದು ಪದ್ಯ ಓದಿದರೆ ಅವರು ಅದನ್ನು ಹಿಡಿದು ಕಾಲು ಗಂಟೆ ಕನ್ನಡ, ತೆಲುಗು, ದಖ್ಖನಿ ಎಲ್ಲ ಬೆರೆಸಿ ಜನರನ್ನು ನಗಿಸಿ, ಅಳಿಸಿ, ಮತ್ತೆ ನನ್ನ ಕಡೆ ಕೈ ತೋರಿಸುತ್ತಾರೆ. ಜನ ಬರುವುದು ಅವರ ಮಾತಿಗೆ, ನನ್ನ ಓದಿಗಲ್ಲ. ಇದು ನನಗೆ ಗೊತ್ತಿದೆ, ಹೊಟ್ಟೆಕಿಚ್ಚೂ ಇದೆ. ದಿನೇಶನ ಮಾತಿಗೆ ಅವರು ಎರಡೂ ಕೈ ಆಡಿಸಿ, "ಛೇ ಛೇ, ಅದು ಬಸಲಿಂಗಪ್ಪನೋರ ಗದ್ದಿಗಿ, ನಾ ಮುಟ್ಟಂಗಿಲ್ಲ" ಎಂದರು. ದೊಡ್ಡವರಾಗಲು ನಾಟಕ ಮಾಡುತ್ತಿದ್ದಾರೆ ಎಂದುಕೊಂಡು ನಾನು ಒಳಗೊಳಗೇ ಕುದಿದೆ.

ಈಗ ಹೊಸ ಶ್ರಾವಣಕ್ಕೆ ಎಂಟು ದಿನ ಉಳಿದಿತ್ತು.

ನಿರೀಕ್ಷಾ ಹೋದ ಮೇಲೆ ಯಂತ್ರವನ್ನು ಬಾಲ್ಕನಿಗೆ ಒಯ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ನನ್ನ ಫೋನು ಕಪ್ಪು ಬಿಲ್ಲೆಯಾಗುತ್ತದೆ, ಇದು ಇನ್ನೂ ಸ್ಪಷ್ಟವಾಯಿತು. ಇದೇನು ವಿಚಿತ್ರ ಎಂದು ಡ್ರಾಯರಿನಿಂದ ಕಾರ್ಖಾನೆ ಕಾಲದ ಭೂತಗನ್ನಡಿ ತಂದೆ. ನನ್ನ ಕಣ್ಣಿನ ಬದಿಯಿಂದ ಎಷ್ಟು ಕಾಣುತ್ತದೋ ಅಷ್ಟರಲ್ಲೇ ಮರದ ಚಿತ್ರವನ್ನು ಇಣುಕಿದೆ. ಬೂದಿಯಂಥ ಸಣ್ಣ ಸಣ್ಣ ಕಾಳು ಕಂಡಂತಾಯಿತು. ಆಮೇಲೆ ಪೂರ್ತಿ ಆರಿಸಿದೆ. ಚಿತ್ರ ಹೋಗಲಿಲ್ಲ! ಮೀಟರಿನ ವಿದ್ಯುತ್ತು ತೆಗೆದ ಮೇಲೂ ಮುಳ್ಳು ನಿಂತಲ್ಲೇ ನಿಂತಿತೆಂದರೆ ನಮ್ಮಲ್ಲಿ ಅದಕ್ಕೆ ಕೆಂಪು ಚೀಟಿ ಕಟ್ಟಿ ವಾಪಸು ಕಳಿಸುತ್ತಿದ್ದೆವು. ಇಲ್ಲಿ ಅದೇ ಗುಣವಂತೆ. ಬಣ್ಣದ ಕಾಳುಗಳನ್ನು ಒಮ್ಮೆ ಸರಿಸಿದರೆ ಸಾಕು, ಅವು ತಾವಾಗಿ ಅಲ್ಲೇ ಕೂರುತ್ತವಂತೆ, ಮುಂದಿನ ಪುಟಕ್ಕೆ ಮಾತ್ರ ವಿದ್ಯುತ್ತು ಬೇಕಂತೆ. ಫೋನಿನಲ್ಲಿ ನಿರೀಕ್ಷಾಳಿಂದ ಇಷ್ಟನ್ನು ಕೇಳಿ ತಿಳಿದುಕೊಳ್ಳಲು ಮೂರು ಸಲ ಕರೆ ಮಾಡಿದೆ. ಮೂರನೆಯ ಸಲ ಅವಳು, "ಅಪ್ಪಾ, ಇದರಾಗ ಓದ್ರಿ, ಇದರ ಬಗ್ಗೆ ಕೇಳಬ್ಯಾಡ್ರಿ" ಎಂದಳು.

ಪುಟ ತಿರುಗಿಸಿದಾಗ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳ್ಳಗಾಗುತ್ತದೆ. ಮೊದಲ ಸಲ ಕೆಟ್ಟೇಹೋಯಿತೆಂದುಕೊಂಡೆ. ಸುಭದ್ರಾ ನೋಡಿ, "ಕಣ್ಣು ಮಿಟುಕಿಸಿತಲ್ಲ ನಿಮ್ಮ ಪಾಟಿ" ಎಂದು ನಕ್ಕಳು. ಅವಳಿಗೆ ಅದು ಮೊದಲ ದಿನದಿಂದಲೂ ಪಾಟಿಯೇ, ಸಣ್ಣವರಿದ್ದಾಗ ಶಾಲೆಗೆ ಒಯ್ಯುತ್ತಿದ್ದ ಸ್ಲೇಟಿನ ಹಾಗೆ. ನನಗೆ ಇನ್ನೊಂದು ಅನುಮಾನ. ಸೋಮವಾರ ಅಡುಗೆಮನೆಯ ದಪ್ಪ ಅಂಕಿಯ ತಕ್ಕಡಿಯಲ್ಲಿ ಅದನ್ನು ತೂಗಿದೆ: ಇನ್ನೂರ ನಾಲ್ಕು ಗ್ರಾಂ. ಫೋನಿನಲ್ಲಿ ಮಗಳು ಹೇಳಿದಂತೆ ಒತ್ತಿ ಐವತ್ತು ಪುಸ್ತಕ ಇಳಿಸಿಕೊಂಡು ಮತ್ತೆ ತೂಗಿದೆ. ಇನ್ನೂರ ನಾಲ್ಕೇ. ಹೀಗಾಗುವುದೆಂದು ಗೊತ್ತಿತ್ತು. ಆದರೂ ಕಣ್ಣಾರೆ ನೋಡದೆ ಒಪ್ಪಿಕೊಳ್ಳುವವನಲ್ಲ ನಾನು.

ಮಂಗಳವಾರ ಪುಸ್ತಕಗಳ ಪಟ್ಟಿಯಲ್ಲಿ ಬೆರಳಾಡಿಸುತ್ತಾ ಸುಮ್ಮನೆ ಒಂದನ್ನು ಒತ್ತಿದೆ. ಯಾವ ಪುಸ್ತಕವೆಂದು ಓದಲಾಗಲಿಲ್ಲ. ನಿರೀಕ್ಷಾ ತೋರಿಸಿಕೊಟ್ಟ ಹಾಗೆ ಎರಡು ಬೆರಳು ಇಟ್ಟು ಅಗಲಿಸಿದೆ. ಅಕ್ಷರ ದಪ್ಪವಾಯಿತು. ಮತ್ತೆ ಅಗಲಿಸಿದೆ. ಇನ್ನೂ ದಪ್ಪವಾಯಿತು. ನಾಲ್ಕನೆಯ ಸಲಕ್ಕೆ ಪರದೆಯ ಮೇಲೆ ಎಂಟೋ ಹತ್ತೋ ಪದ ಉಳಿದವು, ಒಂದೊಂದು ಅಕ್ಷರವೂ ಹುಣಸೆಬೀಜದಷ್ಟು. ಅದರಲ್ಲಿ 'ಗುಡ್ಡ' ಎಂದಿತ್ತು. ನಡುಭಾಗ ಮಸುಕಾಗಿಯೇ ಇತ್ತು, ಆದರೆ ಕಣ್ಣು ಅಂಚು ಸುತ್ತಿಕೊಂಡು ಬರುವಷ್ಟರಲ್ಲಿ ಅಕ್ಷರ ಯಾವುದೆಂದು ತಿಳಿಯುತ್ತಿತ್ತು. 'ಗುಡ್ಡದ ಅಜ್ಜ' ಎಂದು ಓದಿದೆ. ನಮ್ಮ ಪುರಾಣ! ಎರಡು ವರ್ಷದ ಮೇಲೆ ನಾನು ಓದಿದ್ದೆ, ಹೇಳಿದ್ದಲ್ಲ. ಕುರ್ಚಿಯಲ್ಲಿ ಕೂತಲ್ಲೇ ಅತ್ತುಬಿಟ್ಟೆ. ಅಳುವುದಕ್ಕೆ ನನಗೇನೂ ನಾಚಿಕೆಯಿಲ್ಲ, ಆದರೆ ಸುಭದ್ರಾ ನೋಡಿದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು.

"ಇದು ಇದರಾಗ ಹ್ಯಾಂಗ ಬಂತು?" ಎಂದು ಕೇಳಿದೆ. ಮಠದ ಪುಸ್ತಕ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ.

ಸುಭದ್ರಾ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ನಿಧಾನವಾಗಿ ಹೇಳಿದಳು. ನಿರೀಕ್ಷಾ ಹಾಳೆಗಳ ಫೋಟೋ ತೆಗೆದು ಕಂಪ್ಯೂಟರಿನಿಂದ ಅಕ್ಷರ ಮಾಡಿಸಿದ್ದಳು. ತಪ್ಪು ಬಹಳ ಬಂದಿದ್ದವು. ಮೂರು ತಿಂಗಳು ನಾನು ಮಧ್ಯಾಹ್ನ ಮಲಗಿದಾಗ ಸುಭದ್ರಾ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಫೋನಿನಲ್ಲಿ ಒಂದೊಂದೇ ಪದ್ಯ ತಿದ್ದಿದ್ದಳು.

"ಹಂಗಾರ ನಿನಗ ಗೊತ್ತಿತ್ತು."

"ಹೋದ ವರ್ಷ ನೀವು ಎರಡು ಪದ್ಯಕ್ಕೊಂದು ಹಾಳಿ ತಿರುವಾಕತ್ತಿದ್ರಿ. ಆ ಪುಸ್ತಕದಾಗ ಹಾಳಿಗೆ ಆರು ಪದ್ಯ ಅದಾವ. ನೀವೊಬ್ಬರ ಇನ್‌ಸ್ಪೆಕ್ಟರ್ ಏನು ಈ ಮನ್ಯಾಗ?"

"ಯಾಕ ಹೇಳಲಿಲ್ಲ?"

"ನೀವು ಹೇಳಿದ್ರೇನು ನನಗ?" ಎಂದು ಒಳಗೆ ಹೋದಳು.

ಉಳಿದ ದಿನಗಳನ್ನೆಲ್ಲ ಅಭ್ಯಾಸಕ್ಕೆ ಕೊಟ್ಟೆ. ಇದರಲ್ಲಿ ಪುಸ್ತಕ ಎಷ್ಟು ಮುಗಿಯಿತು ಎನ್ನುವುದು ಹೆಬ್ಬೆರಳಿಗೆ ತಿಳಿಯುವುದಿಲ್ಲ, ಕೆಳಗೆ ಶೇಕಡಾ ಲೆಕ್ಕ ಬರುತ್ತದೆ, ಅದನ್ನು ಸುಭದ್ರಾ ಓದಿ ಹೇಳುತ್ತಿದ್ದಳು. ಅಜ್ಜ ಮನೆ ಬಿಡುವುದು ಶೇಕಡಾ ಹದಿನಾರರಲ್ಲಿ, ಹುಲಿ ಎದುರಾಗುವುದು ಶೇಕಡಾ ನಲವತ್ತರಲ್ಲಿ. ಅಕ್ಷರ ಅಷ್ಟು ದಪ್ಪ ಮಾಡಿದ್ದರಿಂದ ಒಂದು ಪದ್ಯಕ್ಕೆ ಎರಡು ಸಲ ಪುಟ ತಿರುಗಿಸಬೇಕು. ಹಿಂದಿನ ಶ್ರಾವಣದಲ್ಲಿ ಹಾರಿಸಿದ್ದ ಎರಡು ಸಂಧಿಗಳೂ ಸಿಕ್ಕವು. ಒಂದರಲ್ಲಿ ಅಜ್ಜ ಬಾವಿಯ ನೀರಿಗಾಗಿ ಊರ ಗೌಡನ ಜೊತೆ ಜಗಳಕ್ಕೆ ಇಳಿಯುತ್ತಾನೆ. ಎಂಥ ಜಗಳ! ಇದನ್ನು ನಾನು ಹೇಗೆ ಮರೆತೆನೋ. ಈ ಸಲ ಇದನ್ನು ಗಂಟಲು ಬಿಚ್ಚಿ ಓದಬೇಕೆಂದುಕೊಂಡೆ. ಚನ್ನಬಸಪ್ಪನವರಿಗೂ ದಿನೇಶನಿಗೂ ತೋರಿಸಬೇಕಿತ್ತು.

ಶ್ರಾವಣದ ಮೊದಲ ಸಂಜೆ ಸೋಫಾ ಬದಿಗೆ ಸರಿಸಿ ಜಮಖಾನ ಹಾಸಿದೆವು. ವ್ಯಾಸಪೀಠದ ಮೇಲೆ ಯಂತ್ರ, ಅದರ ಪಕ್ಕದಲ್ಲಿ ರೂಢಿಗೆ ಬಿಡಬಾರದೆಂದು ಹಳೆಯ ಪುಸ್ತಕ. ನನ್ನ ಬಲಕ್ಕೆ ಚನ್ನಬಸಪ್ಪನವರು, ಎಡಕ್ಕೆ ದಿನೇಶನ ಹೆಂಡತಿ ಅನುರಾಧಾ, ಎದುರಿಗೆ ದಿನೇಶ. ಬಾಗಿಲ ಹತ್ತಿರ ಕಟ್ಟಡದ ಕೆಲಸ ಮುಗಿಸಿ ಕೈಕಾಲು ತೊಳೆದು ಬಂದ ಅನ್ನಮ್ಮ ಮತ್ತು ಅವಳ ಜೊತೆಯವರು. ಹೊಸ ವಸ್ತು ನೋಡಲು ಎಲ್ಲರ ಕತ್ತೂ ಉದ್ದವಾಗಿತ್ತು. ನನಗೂ ಒಳಗೊಳಗೆ ಹುರುಪು.

ಓದುವ ಮೊದಲು ಪುಸ್ತಕಕ್ಕೆ ಪೂಜೆಯಾಗಬೇಕು. ಪ್ರತಿ ವರ್ಷ ಮಾಡುವಂತೆ ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಎಡದಿಂದ ಬಲಕ್ಕೆ ಗಾಜಿನ ಮೇಲೆ ಎಳೆದೆ. ತೊಳೆದ ಸೇವಂತಿಗೆ ಇಟ್ಟೆ, ಬಿಲ್ವಪತ್ರೆ ಇಟ್ಟೆ. ನೀರು ಅತ್ತಿತ್ತ ಇಳಿಯಿತು. ಕೈಮುಗಿದು, ಕಣ್ಣು ಮುಚ್ಚಿ, ಮೊದಲ ಸಂಧಿಯ ಮೊದಲ ಪದ್ಯವನ್ನು ಎತ್ತಿದೆ. ಬಾಯಿಪಾಠ ಹೇಳುವ ಹಿಂದಿನ ಶ್ರಾವಣದ ಕೆಟ್ಟ ಚಾಳಿ, ಕಣ್ಣು ಮುಚ್ಚಿಯೇ ಎರಡನೆಯ ಪದ್ಯಕ್ಕೂ ಹೋದೆ.

"ಕಾಕಾ," ಎಡಗಡೆಯಿಂದ ಅನುರಾಧಾ ಮೆಲ್ಲಗೆ ಅಂದಳು, "ಇಲ್ಲಿ ಬ್ಯಾರೆನ ಐತಲ್ರಿ. ಅಜ್ಜನ ಸಮಾಧಿ ಅಂತ ಐತಿ."

ಕಣ್ಣು ತೆರೆದೆ. ಮೂರು ಬೆರಳು ಎಳೆದಿದ್ದಕ್ಕೋ, ಒದ್ದೆ ಹೂವಿಗೋ, ಪುಟಗಳು ಓಡಿ ಕೊನೆಯ ಸಂಧಿಗೆ ಬಂದು ನಿಂತಿದ್ದವು. ಅಚ್ಚಿನ ಪುಸ್ತಕವಾಗಿದ್ದರೆ ನಾನು ಏನು ಓದುತ್ತಿದ್ದೇನೆಂದು ಪಕ್ಕದವರಿಗೆ ತಿಳಿಯುತ್ತಿರಲಿಲ್ಲ. ಈ ದಪ್ಪ ಅಕ್ಷರ ನನ್ನೊಬ್ಬನದಾಗಿರಲಿಲ್ಲ. ಎರಡು ಮಾರು ದೂರದವರಿಗೂ ಕಾಣುತ್ತಿತ್ತು. ಮೊದಲ ದಿನವೇ ಸಮಾಧಿ ಎನ್ನುವ ಮಾತು ಬಂತೆಂದು ಹೆಂಗಸರು ಗುಸುಗುಸು ಎಂದರು. ನಾನು ಹಿಂದಕ್ಕೆ ಹೋಗಲು ಬೆರಳಿಟ್ಟೆ. ವಿಭೂತಿ ಮೆತ್ತಿದ ಬೆರಳು ಎಲ್ಲೆಲ್ಲಿಗೋ ತಗುಲಿ ಅಕ್ಷರ ಇನ್ನೂ ದಪ್ಪವಾಗಿ ಮೂರೇ ಪದ ಉಳಿದವು.

"ಮಿಷನ್ ಬ್ಯಾಡ ಬಿಡ್ರಿ ಕಾಕಾ. ಪುಸ್ತಕ ಇಲ್ಲೇ ಐತಲ್ಲ, ಅದನ್ನ ಓದ್ರಿ," ಎಂದ ದಿನೇಶ. ಪುಸ್ತಕವನ್ನೆತ್ತಿ ಮೊದಲ ಹಾಳೆ ತೆರೆದು ನನ್ನ ಮುಂದೆ ಹಿಡಿದ.

ಹಾಳೆಯಲ್ಲಿ ಬೂದು ಬಣ್ಣದ ಗೆರೆಗಳು ಬಾಗುತ್ತಿದ್ದವು. ಮೂವತ್ತು ಜನ ಕಾಯುತ್ತಿದ್ದರು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಇದು ಸಣ್ಣವನಿದ್ದಾಗಿನಿಂದ ಇರುವ ರೋಗ.

"ಓದೋರು ಬ್ಯಾರೆ ಬೇಕಾಗಿತ್ತಲ್ಲ ನಿಮಗ?" ಎಂದು ಯಂತ್ರವನ್ನೆತ್ತಿ ಚನ್ನಬಸಪ್ಪನವರ ತೊಡೆಯ ಮೇಲಿಟ್ಟೆ. "ತಗೋರಿ. ಅವರ ಓದ್ಲಿ."

ದಿನೇಶನ ಮುಖ ಅರಳಿತು. "ಹೌದ್ರಿ ಚನ್ನಬಸಪ್ಪನೋರ, ಒಂದ್ ಸಂಧಿ ನೀವ ಓದಿಬಿಡ್ರಿ."

"ಏ, ನಾ... ಕನ್ನಡಕ ತಂದಿಲ್ರಿ," ಎಂದರು ಚನ್ನಬಸಪ್ಪನವರು.

"ಕನ್ನಡಕ ಯಾಕ ಬೇಕ್ರಿ ಇದಕ್ಕ?" ಅನುರಾಧಾ ನಕ್ಕಳು. "ಉಂಡಿಯಷ್ಟು ದಪ್ಪ ಅದಾವ ಅಕ್ಷರ!"

ಎಲ್ಲರೂ ನಕ್ಕರು. ಚನ್ನಬಸಪ್ಪನವರೂ ನಕ್ಕರು. ಆಮೇಲೆ ಯಂತ್ರದ ಕಡೆ ನೋಡಿದರು. ನಾನು ಹತ್ತಿರಕ್ಕೆ ಬಾಗಿ, ನನ್ನ ಕಣ್ಣಿನ ಬದಿಯಿಂದ ಅವರ ಕಣ್ಣು ನೋಡಿದೆ. ಮೂರು ಪದವಿದ್ದರೂ ಓದುವವನ ಕಣ್ಣು ಎಡದಿಂದ ಬಲಕ್ಕೆ ಸರಿಯುತ್ತದೆ. ಅವರ ಕಣ್ಣು ಸರಿಯಲಿಲ್ಲ. ನಾನು ಮೂವತ್ತಾರು ವರ್ಷ ಮುಳ್ಳು ಸರಿಯುತ್ತದೋ ಇಲ್ಲವೋ ಎಂದು ನೋಡಿದವನು, ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ಚಿತ್ರ ನೋಡುವಂತೆ ಅವರು ಅಕ್ಷರಗಳನ್ನು ನೋಡುತ್ತಿದ್ದರು.

ಚನ್ನಬಸಪ್ಪನವರಿಗೆ ಓದಲು ಬರುವುದಿಲ್ಲ!

ಇಷ್ಟು ವರ್ಷ ಅವರು ಒಮ್ಮೆಯೂ ಪುಸ್ತಕ ಕೈಗೆ ತೆಗೆದುಕೊಂಡಿರಲಿಲ್ಲ. ಮದುವೆ ಕಾರ್ಡು ಬಂದರೆ 'ನೀವ ಓದ್ರಿ, ನಿಮ್ಮ ಧ್ವನಿ ಚಲೋ ಐತಿ' ಎನ್ನುತ್ತಿದ್ದರು. ನಾನು ಓದಿದ ಪದ್ಯವನ್ನು ಕಣ್ಣು ಮುಚ್ಚಿ ಕೇಳಿ, ಅದರಲ್ಲಿದ್ದ ಒಂದೇ ಒಂದು ಪದವನ್ನೂ ಬಿಡದೆ ಅರ್ಥ ಹೇಳುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನನಗೆ ಬಹಳ ಖುಷಿಯಾಯಿತು. ಸುಮ್ಮನೆ ಕೂತರೆ ಸಾಕಿತ್ತು. ಇನ್ನು ಅರ್ಧ ನಿಮಿಷದಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು, ನನ್ನ ಗದ್ದಿಗೆಯನ್ನು ಮತ್ತೆ ಯಾರೂ ಕೇಳುತ್ತಿರಲಿಲ್ಲ.

ಆದರೆ ಅವರ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ಹಿಂದಿನ ಶ್ರಾವಣದಲ್ಲಿ ತಿಂಗಳಿಡೀ ನನಗೂ ಅಲ್ಲೇ ಬೆವರು ಇಳಿದಿತ್ತು. ನನ್ನದು ಒಂದು ವರ್ಷದ ಮಾತು. ಅವರದು ಎಷ್ಟು ವರ್ಷದ್ದೋ.

"ಇತ್ತ ಕೊಡ್ರಿ ಅದನ್ನ," ಎಂದೆ. ಯಂತ್ರವನ್ನು ಅವರ ಕೈಯಿಂದ ತೆಗೆದುಕೊಂಡೆ. "ದಿನೇಶಾ, ಅವರಿಗೆ ಯಾಕ ತ್ರಾಸ ಕೊಡ್ತೀಯೋ. ಎಲ್ಲಾರೂ ಕೇಳ್ರಿ. ತಪ್ಪು ನಂದು. ನನ್ನ ಕಣ್ಣು ಹೋಗಿ ಎರಡು ವರ್ಷ ಆತು. ಹೋದ ಶ್ರಾವಣದಾಗ ನಾ ಒಂದು ಅಕ್ಷರನೂ ಓದಿಲ್ಲ. ಬಾಯಿಪಾಠ ಹೇಳಿದೆ, ಓದಿದಂಗ ಹಾಳಿ ತಿರುವಿದೆ. ಎರಡು ಸಂಧಿ ಬಿಟ್ಟುಹೋದವು. ನಿಮಗ ಮೋಸ ಮಾಡಿದೆ, ಅಜ್ಜಗೂ ಮೋಸ ಮಾಡಿದೆ. ಈ ಪುಸ್ತಕ ನನಗ ಕಾಣಂಗಿಲ್ಲ. ಇದರಾಗ ಕಾಣತೈತಿ. ಇದರಾಗ ಓದಬೌದು ಅಂದ್ರ ಓದ್ತೀನಿ, ಬ್ಯಾಡಂದ್ರ ಎದ್ದು ಹೋಗ್ತೀನಿ."

ಎರಡು ವರ್ಷ ಬಚ್ಚಿಟ್ಟಿದ್ದನ್ನು ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ದಿನೇಶ ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲಗೆ ಮುಚ್ಚಿದ. ಅಡುಗೆಮನೆಯಲ್ಲಿ ಕಡಲೆಯ ಉಸುಳಿಗೆ ಒಗ್ಗರಣೆ ಕೊಡುತ್ತಿದ್ದ ಸುಭದ್ರಾ ಬಂದು ಬಾಗಿಲಲ್ಲಿ ನಿಂತಿದ್ದಳು.

ಕೊನೆಗೆ ಬಾಗಿಲ ಹತ್ತಿರದಿಂದ ಅನ್ನಮ್ಮನ ಧ್ವನಿ ಬಂತು: "ಓದಾಕ ನನಗೂ ಬರಂಗಿಲ್ರಿ ಯಪ್ಪಾ. ಕೇಳಾಕಂತ ಬಂದೀನಿ. ಯಾತರಾಗರ ಓದ್ರಿ, ಹೊತ್ತಾತು, ಮುಂಜಾನೆ ಸ್ಲಾಬ್ ಹಾಕೋದೈತಿ."

ಅನುರಾಧಾ ವ್ಯಾಸಪೀಠದ ಮೇಲೆ ಉದುರಿದ್ದ ಹೂವು ಪತ್ರೆ ತೆಗೆದು ಪಕ್ಕದ ತಟ್ಟೆಗಿಟ್ಟಳು. ಸೆರಗಿನಿಂದ ಗಾಜು ಒರೆಸಿ, ಮೊದಲ ಪುಟಕ್ಕೆ ತಂದು, ಅಕ್ಷರ ನನಗೆ ಬೇಕಾದಷ್ಟು ಮಾಡಿ ಕೊಟ್ಟಳು. ನಾನು ಕಣ್ಣು ತೆರೆದುಕೊಂಡು ಓದಿದೆ. ನಿಧಾನವಾಗಿ, ಎರಡನೆಯ ತರಗತಿ ಹುಡುಗನ ಹಾಗೆ ತಡವರಿಸುತ್ತಾ ಓದಿದೆ. ಚನ್ನಬಸಪ್ಪನವರು ಅರ್ಥ ಹೇಳಲು ಬಾಯಿ ತೆರೆದವರು ನಿಂತು, ನೀರು ಕುಡಿದು, ಆಮೇಲೆ ಶುರು ಮಾಡಿದರು. ಆ ದಿನ ಅವರು ಹೇಳಿದಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ. ಹೊಟ್ಟೆಕಿಚ್ಚಿಲ್ಲದೆ ಅವರನ್ನು ಕೇಳಿದ್ದು ಅದೇ ಮೊದಲು.

ಎಲ್ಲರೂ ಉಸುಳಿ ತಿಂದು ಹೋದ ಮೇಲೆ ಅವರು ಜಮಖಾನ ಮಡಚುವ ನೆಪ ಮಾಡಿ ಉಳಿದರು.

"ನಿಮಗ ಗೊತ್ತಾತಲ್ಲ," ಎಂದರು ನನ್ನ ಕಡೆ ನೋಡದೆ.

"ಏನು?"

"ಸುಮ್ಮನಿರ್ರಿ. ನೀವು ಮೀಟರು ನೋಡೋರು." ಜಮಖಾನದ ತುದಿ ಕೂಡಿಸಿದರು. "ನಮ್ಮೂರ ಸಾಲ್ಯಾಗ ಉರ್ದು ಇತ್ತು, ಅದೂ ಎರಡು ವರ್ಷ. ಆಮ್ಯಾಲ ಕೆಲಸ. ಕನ್ನಡ ಮನ್ಯಾಗ ಆಡೋದು, ಅದನ್ನ ಯಾರು ಕಲಿಸ್ತಾರ? ಒಮ್ಮೆ ನೀವು ಓದಿದ್ದಕ್ಕ ನಾಲ್ಕು ಮಾತು ಹೇಳಿದೆ, ಮಂದಿ ಪಂಡಿತರು ಅಂದ್ರು. ಪಂಡಿತರು ಅಂದಮ್ಯಾಲ 'ಬರಂಗಿಲ್ಲ' ಅಂತ ಹ್ಯಾಂಗ ಹೇಳ್ಲಿ? ಅಕ್ಷರ ಸಣ್ಣವು, ಕನ್ನಡಕ ಇಲ್ಲ ಅಂತ ಹೇಳ್ಕೋತ ಬಂದೆ. ಇವತ್ತ ಅದಕ್ಕೂ ಸಂದಿ ಸಿಗಲಿಲ್ಲ."

ನನಗೆ ಸಮಾಧಾನದ ಮಾತು ಆಡಲು ಬರುವುದಿಲ್ಲ. "ನಾಳೆ ಮುಂಜಾನೆ ಏಳಕ್ಕ ಬರ್ರಿ," ಎಂದೆ. "ಚಹಾ ಇಲ್ಲೇ ಕುಡಿಯೋಣಂತ."

ಬಂದರು. ದಿನಾ ಬಂದರು. ಹೆಂಡತಿಗೆ ವಾಕಿಂಗ್ ಎಂದು ಹೇಳಿ ಬರುತ್ತಿದ್ದರಂತೆ. ಬಾಲ್ಕನಿಯಲ್ಲಿ ಕೂತು ಅಕ್ಷರವನ್ನು ಎಷ್ಟು ದಪ್ಪವಾಗುತ್ತದೋ ಅಷ್ಟು ದಪ್ಪ ಮಾಡುತ್ತಿದ್ದೆವು. ಅದು ನನ್ನ ಕಣ್ಣಿಗೂ ಬೇಕು, ಅವರ ಪಾಠಕ್ಕೂ ಬೇಕು. ಬೆರಳು ತಗುಲಿದರೆ ಪುಟ ಓಡುವುದರಿಂದ ಬೆಂಕಿಕಡ್ಡಿಯಿಂದ ತೋರಿಸುತ್ತಿದ್ದೆ. ಪುರಾಣ ಅವರಿಗೆ ನನಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು, ಹಾಗಾಗಿ ಕಡ್ಡಿ ಮೊದಲ ಪದಕ್ಕೆ ಹೋಗುವಷ್ಟರಲ್ಲಿ ಅವರ ಬಾಯಿ ಕೊನೆಯ ಪದದಲ್ಲಿರುತ್ತಿತ್ತು. "ನೋಡಿ ಹೇಳ್ರಿ, ಹೇಳಿ ನೋಡಬ್ಯಾಡ್ರಿ" ಎಂದು ನಾನು ಗದರುತ್ತಿದ್ದೆ. ಗದರಲು ನನಗೆ ಯಾವ ಹಕ್ಕಿದೆಯೋ ಗೊತ್ತಿಲ್ಲ. ಅವರು ಬೈಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಲೇತಿನ ಮುಂದೆ ಕೂದಲೆಳೆಯಷ್ಟು ಅಳತೆ ಹಿಡಿದ ಕಣ್ಣು ಅದು. ಒಂದು ಸಲ ನೋಡಿದ ಆಕಾರ ಮರೆಯುತ್ತಿರಲಿಲ್ಲ.

ಇಪ್ಪತ್ತೆರಡನೆಯ ಬೆಳಿಗ್ಗೆ ಅವರು ಒಂದು ಪದ್ಯವನ್ನು ತಡವರಿಸದೆ ಓದಿದರು. ನಾನು ನಂಬಲಿಲ್ಲ. ಬಾಯಿಪಾಠದ ಕಳ್ಳತನ ನನಗೆ ಗೊತ್ತಿಲ್ಲದ್ದೇನಲ್ಲ. ಪುರಾಣ ಮುಚ್ಚಿ, ಆ ಸೋಮವಾರ ಇಳಿಸಿಕೊಂಡಿದ್ದ ಪುಸ್ತಕಗಳಲ್ಲಿ ಒಂದೊಂದನ್ನೇ ತೆರೆದು ನೋಡಿ ಮಕ್ಕಳದೊಂದನ್ನು ಹುಡುಕಿದೆ. ಅವರು ಎಂದೂ ಕೇಳಿರದ ಕಥೆ. ಪರದೆಯ ಮೇಲೆ ನಾಲ್ಕೈದು ಪದ ಬಂದವು. ಏನೂ ಹೇಳದೆ ಅವರ ಕೈಗೆ ಕೊಟ್ಟೆ.

ಅವರ ಕಣ್ಣು ಎಡದ ತುದಿಗೆ ಹೋಯಿತು. ತುಟಿ ಅಲ್ಲಾಡಿತು. ಕಣ್ಣು ಸರಿಯಿತು. ನಿಂತಿತು. ಮತ್ತೆ ಸರಿಯಿತು.

"ಮ... ನೆ... ಯ. ಮನೆಯ. ಮುಂ... ದೆ. ಮನೆಯ ಮುಂದೆ. ಮ... ರ." ಕಣ್ಣು ಹಿಂದಕ್ಕೆ ಹೋಗಿ ಬಂತು. "ಮರದ ತು... ದಿ... ಗೆ ಗಿಳಿ."

ಅವರು ತಲೆಯೆತ್ತಿ ಬಾಲ್ಕನಿಯ ಹೊರಗೆ ನೋಡಿದರು, ಕಥೆಯಲ್ಲಿದ್ದ ಮರ ಅಲ್ಲಿರಬಹುದೆಂಬಂತೆ. ಆಮೇಲೆ ನನ್ನ ಕಡೆ ತಿರುಗಿದರು. ನಗುತ್ತಾರೆಂದುಕೊಂಡಿದ್ದೆ, ಆದರೆ ಅವರಿಗೆ ಸಿಟ್ಟು ಬಂದಿತ್ತು. ಕಣ್ಣು ತುಂಬ ನೀರು, ಮುಖದ ತುಂಬ ಸಿಟ್ಟು.

"ಇಷ್ಟಾ?" ಎಂದರು. "ಇಷ್ಟ ಏನ್ರಿ ಇದು? ಇಷ್ಟಕ್ಕ ನಾ ಇಡೀ ಜನ್ಮ ಅಂಜ್ಕೋತ ಬಂದ್ನಲ್ರಿ ಬಸಲಿಂಗಪ್ಪನೋರ!"

ಯಂತ್ರ ತೆಗೆದುಕೊಳ್ಳಲು ಕೈ ಚಾಚಿದೆ. ಅವರು ಕೊಡಲಿಲ್ಲ, ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡು ಮುಂದಿನ ಪುಟಕ್ಕೆ ಹೋದರು.